ತವರಿನಿಂದ ಬಂದ ಬೆಲ್ಲ

“ಕೂ ತಿಂದೆಯಾ?”

ನೀಲಗಿರಿಗೆ ಬಂದ ಮೊದಲ ಬೆಳಿಗ್ಗೆ ಪಕ್ಕದ ಮನೆಯ ಹೆಂಗಸು ಬಾಗಿಲಿಗೆ ಬಂದು ಕೇಳಿದ ಮಾತಿದು. ನಮ್ಮ ಗುಂಡ್ಲುಪೇಟೆ ಕಡೆ ಕೂಳು ಎನ್ನುವುದು ಬೈಯುವಾಗ ಮಾತ್ರ. ಒಳಗೆ ಹೋಗಿ ಅತ್ತುಬಿಟ್ಟೆ. ಬಡಗರ ಮಾತಿನಲ್ಲಿ ಕೂ ಎಂದರೆ ಅನ್ನ, ಅವರು ಊಟವಾಯಿತೇ ಎಂದು ವಿಚಾರಿಸಿದ್ದು ಎಂದು ಸಂಜೆ ಯಜಮಾನರು ನಗುತ್ತ ತಿಳಿಸಿದರು.

ಯಜಮಾನರಿಗೆ ಊಟಿಯ ಆಲೂಗಡ್ಡೆ ಮಂಡಿಯಲ್ಲಿ ಕೆಲಸ. ಲವ್‌ಡೇಲ್ ಸ್ಟೇಷನ್ನಿನ ಮೇಲಿನ ಹಟ್ಟಿಯಲ್ಲಿ ಬಾಡಿಗೆ ಮನೆ. ಹಟ್ಟಿಯೆಂದರೆ ಇಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳ ಊರು. ನಮ್ಮಲ್ಲಿ ಜನ ಅಂಗಳದಲ್ಲಿ ಮಲಗುವ ಕಾಲಕ್ಕೂ ಇಲ್ಲಿ ಕಂಬಳಿಯೊಳಗೆ ಹಲ್ಲು ಕಟಕಟಿಸುತ್ತದೆ. ಮೊದಲ ದಿನ ನನ್ನನ್ನು ಅಳಿಸಿದ ಮಾದಿಯಕ್ಕನೇ ಹಸಿ ಸೌದೆಯಲ್ಲಿ ಒಲೆ ಹೊತ್ತಿಸುವುದನ್ನು ಕಲಿಸಿದರು. ಅವರ ಗಂಡ ಜೋಗಣ್ಣ ಹೊಲದಿಂದ ಬರುವಾಗ ನನಗೂ ಒಂದು ಹಿಡಿ ಸೊಪ್ಪು ತರುತ್ತಿದ್ದರು.

ತವರಿನ ವಾಸನೆ ಬರುತ್ತಿದ್ದುದು ನನ್ನಣ್ಣ ಮಹದೇವನ ಗಾಡಿಯಲ್ಲಿ. ಮಸಿನಗುಡಿಯ ದಾರಿಯಾಗಿ ರಾಗಿ, ವೀಳ್ಯದೆಲೆ, ಬೆಲ್ಲ ಹೇರಿಕೊಂಡು ಬರುತ್ತಿದ್ದ. ಹಟ್ಟಿಯವರೆಲ್ಲ ಅವನನ್ನು ಕರೆದು ಮಾತಾಡಿಸುವರು. ನನಗೆ ಹೆಮ್ಮೆಯೋ ಹೆಮ್ಮೆ.

“ಈ ಎರಡಚ್ಚು ಜೋಗಣ್ಣಂಗೆ ಕೊಟ್ಬುಡವ್ವ. ಪಾಪ, ಕೆಮ್ಮು ಅಂತಾರೆ,” ಎನ್ನುವನು. ಸೆರಗಿನಲ್ಲಿಟ್ಟುಕೊಂಡು ನಾನೇ ಕೊಟ್ಟುಬರುತ್ತಿದ್ದೆ. “ನಮ್ಮ ಕಡೆ ಬೆಲ್ಲ ಅಂದ್ರೆ ಸುಮ್ನೆ ಅಲ್ಲ,” ಎಂದು ಬೇರೆ ಹೇಳುತ್ತಿದ್ದೆ. ಜೋಗಣ್ಣ ಹಗಲಲ್ಲೂ ತೂಕಡಿಸತೊಡಗಿದ್ದರು. ಹೊಲ ಪಾಳುಬಿದ್ದಿತ್ತು. ವಯಸ್ಸಾಯಿತು ಎಂದುಕೊಂಡೆ.

ಮೋಯಾರ್ ಹೊಳೆಯ ಆಚೆ ಮೈಸೂರು ಸಂಸ್ಥಾನ, ಈಚೆ ಇಂಗ್ಲಿಷರ ಮದರಾಸು. ಹೊಳೆ ದಾಟಿದ ಕಳ್ಳನನ್ನು ಕೇಳುವವರಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಆದರೆ ಅಫೀಮಿನ ಕಾಟ ತಡೆಯಲು ಜಿನೀವಾ ಎಂಬ ದೂರದ ಊರಿನಲ್ಲಿ ನಾನಾ ದೇಶದವರು ಸೇರಿ ಮಾತಾಡಿದ್ದಾರಂತೆ, ಇನ್ನು ಎರಡೂ ಕಡೆಯವರು ಒಟ್ಟಿಗೆ ಹುಡುಕುತ್ತಾರಂತೆ ಎಂದು ಯಜಮಾನರು ಪತ್ರಿಕೆ ಓದಿ ಹೇಳಿದರು. ನಮಗೇನು ಅದರಿಂದ ಎಂದು ನಾನು ರಾಗಿ ಬೀಸುತ್ತಿದ್ದೆ.

ಒಂದು ಮಧ್ಯಾಹ್ನ ಇಬ್ಬರು ಅಧಿಕಾರಿಗಳು ಬಂದರು. ಒಬ್ಬರದು ತಮಿಳು. ಇನ್ನೊಬ್ಬರು ಮೈಸೂರು ಕಡೆಯ ಜಮಾದಾರರು.

“ಮಹದೇವ ಅನ್ನೋನು ನಿಮಗೇನಾಗ್ಬೇಕವ್ವಾ?”

ಮನೆಯವರಲ್ಲದವರ ಬಾಯಲ್ಲಿ ಎಷ್ಟೋ ದಿನದ ಮೇಲೆ ಕೇಳಿದ ನಮ್ಮ ಕನ್ನಡ! ಹಿಗ್ಗಿಹೋದೆ. “ಒಡಹುಟ್ಟಿದೋನು ಸ್ವಾಮಿ. ಕೂತ್ಕೊಳ್ಳಿ, ಕಾಫಿ ತರ್ತೀನಿ.”

ಕಾಫಿ ತರುವಷ್ಟರಲ್ಲಿ ತಮಿಳಿನ ಅಧಿಕಾರಿ ನನ್ನ ಬೆಲ್ಲದ ಡಬ್ಬಿ ತೆಗೆದು ಅಚ್ಚುಗಳನ್ನು ಒಡೆಯುತ್ತಿದ್ದರು. ಜೋಗಣ್ಣನಿಗೆಂದು ಎತ್ತಿಟ್ಟಿದ್ದ ಅಚ್ಚಿನ ನಡುವೆ ಎಣ್ಣೆ ಕಾಗದದಲ್ಲಿ ಸುತ್ತಿದ ಕಪ್ಪು ಉಂಡೆ. “ಅಬಿನಿ,” ಎಂದರು. ಇಲ್ಲಿ ಅಫೀಮಿಗೆ ಹಾಗೆನ್ನುತ್ತಾರೆ. ಸರ್ಕಾರದ ಅಂಗಡಿಯವರು ಅಳೆದು ಕೊಡುವುದು ಸಾಕಾಗದವರಿಗೆ ಅಣ್ಣ ಕದ್ದು ಮಾರುತ್ತಿದ್ದ. ಜೋಗಣ್ಣನಿಗೆ ಅದನ್ನು ಮುಟ್ಟಿಸುತ್ತಿದ್ದವಳು ನಾನು.

“ನಿಮಗೆ ಗೊತ್ತಿರಲಿಲ್ವಾ?” ಜಮಾದಾರರು ಕೇಳಿದರು.

ಅಂಗಳದಲ್ಲಿ ನೆರೆದವರ ನಡುವಿನಿಂದ ಮಾದಿಯಕ್ಕ ಮುಂದೆ ಬಂದರು. “ಈ ಕೂಸುಗ ಏನೂ ಗೊತ್ತಿಲ್ಲೆ,” ಎಂದರು. ಯಾರ ಗಂಡನ ಬಾಯಿಗೆ ನಾನು ವಿಷ ಒಯ್ದಿದ್ದೆನೋ ಅವರೇ. ಅವರು ನನ್ನ ಕೆನ್ನೆಗೆ ಹೊಡೆದಿದ್ದರೆ ತಲೆಯೆತ್ತಿ ನಿಲ್ಲುತ್ತಿದ್ದೆನೇನೋ.

ಅಣ್ಣ ಮಸಿನಗುಡಿಯಲ್ಲಿ ಸಿಕ್ಕಿಬಿದ್ದ, ಜೈಲಿಗೆ ಹೋದ. ತವರಿಗೆ ಹೋದಾಗ ಅವ್ವ ನನ್ನ ತಟ್ಟೆಯನ್ನು ಬಾಗಿಲ ಬಳಿ ಇಟ್ಟಳು. “ಬಂದೋರಿಗೆ ಕಾಫಿ ಕಾಸಿ ಅಣ್ಣನ್ನ ಹಿಡ್ಕೊಟ್ಟಲ್ಲೇ!” ತವರೂರಿನವರೇ, ಹಾಗೆಂದು ನೀವೂ ಆಡಿಕೊಂಡಿರಿ. ಅಲ್ಲಿ ನಾನು ನಾಚಬೇಕಿಲ್ಲದ ಮಾತಿಗೆ ಎಲ್ಲರೂ ಬೈದರು. ಇಲ್ಲಿ ನಾನು ಸಾಯುವಷ್ಟು ನಾಚಿದ ಮಾತನ್ನು ಯಾರೂ ಎತ್ತಲಿಲ್ಲ.

ಅಬಿನಿ ನಿಂತ ಮೇಲೆ ಜೋಗಣ್ಣ ನಡುಗುತ್ತ ಹಾಸಿಗೆ ಹಿಡಿದರು. ಆ ಚಳಿಗಾಲ ದಾಟಲಿಲ್ಲ. ಸಾವಿನ ದಿನ ಹೆಂಗಸರೆಲ್ಲ ಶವದ ಸುತ್ತ ಕೂತಿದ್ದರು. ನಾನು ಹಟ್ಟಿಯ ಅಂಚಿನಲ್ಲಿ ನಿಂತೆ. ಮಾದಿಯಕ್ಕ ಕೈಸನ್ನೆ ಮಾಡಿ ಕರೆದು, ಪಕ್ಕದಲ್ಲೇ ಕೂರಿಸಿಕೊಂಡರು. ಬೇರೆ ಹಟ್ಟಿಯಿಂದ ಬಂದ ನೆಂಟರ ಹೆಂಗಸೊಬ್ಬಳು ಇವಳು ಯಾರೆಂದು ಕೇಳಿದಳು.

“ನಂಗ ಕೂಸು,” ನಮ್ಮ ಮಗು, ಎಂದರು.

ಎಲ್ಲರೊಂದಿಗೆ ನಾನೂ ದನಿಯೆತ್ತಿ ಅತ್ತೆ. ಆದರೆ ಆ ಅಳುವಿನಲ್ಲಿ ಜೈಲಿನಲ್ಲಿದ್ದ ಅಣ್ಣನೂ ಇದ್ದ. ಮಾದಿಯಕ್ಕನಿಗೆ ಅದು ತಿಳಿದೀತೆಂದು ಸೆರಗಿನಿಂದ ಮುಖ ಮುಚ್ಚಿಕೊಂಡೆ.