ಗುಂಡಕಲ್ಲಿಗೆ ಕಟ್ಟಿದ ಕುಂಚಿಗೆ

ಯಂತ್ರ ಕಂಡರೆ ಅದರ ಹೊಟ್ಟೆಯೊಳಗೇನಿದೆ ಎಂದು ನೋಡದೆ ಬಿಡುವವಳಲ್ಲ ನಾನು. ಮನೆಯ ಮಿಕ್ಸರನ್ನು ಎಷ್ಟೋ ಸಲ ಬಿಚ್ಚಿದ್ದೇನೆ. ಬಿಚ್ಚಿದಷ್ಟು ಸಲ ಕೂಡಿಸಲಾಗಿಲ್ಲ, ಆ ಮಾತು ಬೇರೆ. ಹೀಗಾಗಿ ಮೊಮ್ಮಗಳ ತೊಟ್ಟಿಲನ್ನು ನಾಗಪುರಕ್ಕೆ ಕಳಿಸಲು ಹುಬ್ಬಳ್ಳಿ ಹೆದ್ದಾರಿಯ ಪಾರ್ಸಲ್ ಗೋದಾಮಿಗೆ ಹೋಗುವ ಮಾತು ಬಂದಾಗ ಗಂಡನಿಗಿಂತ ಮೊದಲು ನಾನೇ ಟೆಂಪೊ ಹತ್ತಿದೆ. ಅಲ್ಲಿ ಸಾಮಾನು ಹೊರುವುದೆಲ್ಲ ರೋಬೋಟುಗಳೇ ಎಂದು ಕೇಳಿದ್ದೆ.

ಡಾಕ್ಟರು ಪ್ರಯಾಣ ಬೇಡವೆಂದಿದ್ದರಿಂದ ಮಗಳ ಹೆರಿಗೆ ನಾಗಪುರದಲ್ಲೇ ಆಗಿತ್ತು. ತೊಟ್ಟಿಲು ಮಾತ್ರ ತವರಿನದೇ ಆಗಬೇಕು, ಅದೂ ನಮ್ಮ ಕಲಘಟಗಿಯ ಬಣ್ಣದ ತೊಟ್ಟಿಲು. ಖಾಲಿ ತೊಟ್ಟಿಲು ಹೊಸ್ತಿಲು ದಾಟಬಾರದು ಎನ್ನುತ್ತಾರೆ. ಅದಕ್ಕೇ ಖಾರ ಅರೆಯುವ ಗುಂಡಕಲ್ಲನ್ನು ತೊಳೆದು, ಬಟ್ಟೆ ಸುತ್ತಿ, ಕೂಸಿನ ತಲೆಗೆ ಕಟ್ಟುವ ಹಾಗೆ ಹೊಸ ಕುಂಚಿಗೆ ಕಟ್ಟಿ ಮಲಗಿಸಿದ್ದೆ. ಹೆಸರಿಡುವ ದಿನವೂ ತೊಟ್ಟಿಲಲ್ಲಿ ಮೊದಲು ಮಲಗುವುದು ಗುಂಡಕಲ್ಲೇ, ಕೂಸು ಆಮೇಲೆ. ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು. ಮಗಳ ಮೊದಲ ಕೂಸು ಉಳಿಯಲಿಲ್ಲ. ಆಗ ಮಾಡಿಸಿದ ತೊಟ್ಟಿಲು ಇನ್ನೂ ನಮ್ಮ ಅಟ್ಟದ ಮೇಲಿದೆ. ಈ ಸಲ ನನಗೆ ಭಯವಿತ್ತು, ಮುಚ್ಚಿಡುವುದೇನು.

ಗೋದಾಮಿನಲ್ಲಿ ತೊಟ್ಟಿಲಿನ ಸುತ್ತ ಕಟ್ಟಿಗೆಯ ಪಟ್ಟಿ ಹೊಡೆದು ಮೇಲೆ ತಿಳಿ ಪ್ಲಾಸ್ಟಿಕ್ ಹೊದಿಸಿದರು. ನಾನು ಒಳಗಿನ ಗಾಜಿನ ಗೋಡೆಗೆ ಮೂಗು ಹಚ್ಚಿ ನಿಂತೆ. ಮಣೆಯಂಥ ಚಪ್ಪಟೆ ಯಂತ್ರಗಳು ಕಪಾಟುಗಳ ಕೆಳಗೆ ನುಸುಳಿ, ಕಪಾಟನ್ನೇ ಹೊತ್ತು ಓಡುತ್ತಿದ್ದವು. ಎರಡು ಎದುರಾದರೆ ಒಂದು ನಿಂತು ದಾರಿ ಬಿಡುತ್ತಿತ್ತು. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಾನು ಈವರೆಗೆ ಕಾಣದ ಸಂಗತಿ. ಮೇಲೆ ಡ್ರೋನೊಂದು ಸಾಲಿನುದ್ದಕ್ಕೂ ಹಾರುತ್ತ ಪೆಟ್ಟಿಗೆಗಳ ಚೀಟಿ ಓದುತ್ತಿತ್ತು.

"ಇವು ಮಂದೀಗೆ ಹಾಯಂಗಿಲ್ಲೇನವಾ?" ಎಂದು ಅಲ್ಲಿನ ಮೇಲ್ವಿಚಾರಕಿಯನ್ನು ಕೇಳಿದೆ.

"ಇಲ್ರಿ ಅಮ್ಮಾರ. ಮ್ಯಾಲೆ ಕ್ಯಾಮರಾ ಅದಾವು. ಒಳಗ ಮನಷ್ಯಾರು ಕಂಡ್ರ ಎಲ್ಲಾ ತಾವ ನಿಲ್ತಾವು."

ನಮ್ಮ ತೊಟ್ಟಿಲು ಹೊತ್ತ ಯಂತ್ರ ನಾಲ್ಕು ಮಾರು ಹೋಗಿರಲಿಲ್ಲ, ಇಡೀ ಗೋದಾಮು ನಿಂತಿತು. ಡ್ರೋನೂ ಕೆಳಗಿಳಿಯಿತು. ಮೇಲ್ವಿಚಾರಕಿ ಗಾಬರಿಯಿಂದ, "ಒಳಗ ಯಾರ್ ಹೋಗ್ಯಾರ?" ಎಂದು ಕೂಗಿದಳು. ಯಾರೂ ಹೋಗಿರಲಿಲ್ಲ. ಕ್ಯಾಮರಾದ ಪರದೆಯ ಮೇಲೆ ಯಂತ್ರ ಕೆಂಪು ಚೌಕ ಎಳೆದದ್ದು ನಮ್ಮ ತೊಟ್ಟಿಲಿನ ಸುತ್ತ. ನಡುವೆ ನನ್ನ ಕುಂಚಿಗೆ.

"ಅಮ್ಮಾರ, ಇದರಾಗ ಕೂಸೈತಿ ಅಂತ ತೋರಸಾಕತ್ತೈತಿ."

"ಕೂಸಲ್ಲವಾ, ಗುಂಡಕಲ್ಲು."

"ತಗದ್ ಬಿಡ್ರಿ ಹಂಗಾರ. ನಾಗಪುರದ ಲಾರಿ ಹೊಂಟೈತಿ. ಇದು ತಪ್ಪಿದ್ರ ಹೆಸರಿಡೂ ದಿನಕ್ಕ ಮುಟ್ಟಂಗಿಲ್ಲ."

ನನಗೆ ಸಿಟ್ಟು ಬಂತು. "ಖಾಲಿ ತೊಟ್ಟಲಾ ಕಳಸಂಗಿಲ್ಲ. ಒಮ್ಮೆ ಖಾಲಿ ಉಳದದ್ದು ಸಾಕಾಗೇತಿ," ಎಂದೆ.

ಆಕೆ ನನ್ನ ಮುಖ ನೋಡಿದಳು. "ಕಲ್ಲ ಇರ್ಲಿ ಬಿಡ್ರಿ. ಕುಂಚಗಿ ಅಷ್ಟ ಬಿಚ್ಚೂಣು," ಎಂದಳು.

ಪ್ಲಾಸ್ಟಿಕ್ ಬಿಚ್ಚಿಸಿ ನನ್ನ ಕೈಯಿಂದಲೇ ಕುಂಚಿಗೆ ತೆಗೆದು, ಮಡಚಿ, ಕಲ್ಲಿನ ಕೆಳಗಿಟ್ಟೆ. ಈಗ ಯಂತ್ರಕ್ಕೆ ಅದು ಬರೀ ಬಟ್ಟೆಯ ಗಂಟು. ಎಲ್ಲ ಮತ್ತೆ ಓಡಾಡತೊಡಗಿದವು, ತೊಟ್ಟಿಲು ಲಾರಿ ಸೇರಿತು. ನನಗೇಕೋ ಕಸಿವಿಸಿ.

ಹೆಸರಿಡುವ ದಿನಕ್ಕೆ ನಾವೂ ನಾಗಪುರಕ್ಕೆ ಹೋಗಿದ್ದೆವು. ಅಲ್ಲಿ ಮಗಳಿಗೆ ಕಲ್ಲಿನ ಕೆಳಗೆ ಕುಂಚಿಗೆ ಸಿಕ್ಕಿತು. "ಇದನ್ಯಾಕ ಇಲ್ಲಿ ಮಡಚಿಟ್ಟಿ?" ಎಂದಳು. ನಡೆದದ್ದನ್ನು ಹೇಳಿದೆ. ಅವಳು ಕುಂಚಿಗೆಯ ಮಡಿಕೆ ಬಿಡಿಸಿ ನೋಡತೊಡಗಿದಳು. ಹಳೆಯ ನೋವನ್ನು ಕೆದಕಿದೆನೇನೋ ಎಂದು ನನಗೆ ಹೆದರಿಕೆಯಾಯಿತು.

"ಅಂದ್ರ, ನಮ್ಮ ತೊಟ್ಟಲದಾಗ ಕೂಸೈತಿ ಅಂತ ಅಷ್ಟೂ ಯಂತ್ರ ನಿಂತ್ವಾ?"

"ಅಷ್ಟೂ ನಿಂತ್ವು. ಹಾರೂದು ಸೈತ."

"ಇನ್ನೊಮ್ಮೆ ಹೇಳ್ ಅವ್ವಾ," ಎಂದಳು.

ಅವಳು ಕಲ್ಲನ್ನೆತ್ತಿ ಕೆಳಗಿಟ್ಟು, ಕೂಸಿಗೆ ಆ ಕುಂಚಿಗೆ ಕಟ್ಟಿ ಮಲಗಿಸುವವರೆಗೂ ನಾನು ಮೊದಲಿನಿಂದ ಹೇಳುತ್ತಿದ್ದೆ.