ತಮಾಮ್ ಖಾಲ್ತಿ ಹಿಮ ಎಂದ ಮಂಗಳವಾರ

ಅಜ್ಲೂನ್ ಗುಡ್ಡದ ಮೇಲಿನ ನಮ್ಮ ಊರಿನಲ್ಲಿ ಚಳಿಗಾಲದ ಮೋಡ ಕವಿದರೆ ಎಲ್ಲರಿಗೂ ಒಂದೇ ಚಿಂತೆ: ಬೀಳುವುದು ಮಳೆಯೋ, ಹಿಮವೋ? ಮಳೆಯಾದರೆ ಕೊಡೆ ಸಾಕು. ಹಿಮವಾದರೆ ಕೆಳಗಿನ ಪಟ್ಟಣಕ್ಕೆ ಇಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಆಗ ಜನ ಓಡುತ್ತಿದ್ದುದು ತಮಾಮ್ ಖಾಲ್ತಿಯ ಮನೆಗೆ. ಆಕೆ ಯಾರಿಗೂ ಸ್ವಂತ ಚಿಕ್ಕಮ್ಮನಲ್ಲ. ಮದುವೆಯಾಗದೆ ಉಳಿದ ಆಕೆಯನ್ನು ಊರಿಗೆ ಊರೇ ಖಾಲ್ತಿ ಎಂದು ಕರೆಯುತ್ತಿತ್ತು.

ಖಾಲ್ತಿ ಓದಿದ್ದು ನಾಲ್ಕನೇ ತರಗತಿ. ಹವಾಮಾನ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷ ಚಹಾ ಕಾಸಿದ್ದಳು. ಲೋಟ ಖಾಲಿಯಾಗುವವರೆಗೆ ಅವರಿವರ ಬೆನ್ನ ಹಿಂದೆ ನಿಂತು ಕಲಿತದ್ದು ಒಂದೇ ವಿದ್ಯೆ: ಬೀಳುವುದು ಮಳೆಯೋ ಹಿಮವೋ ಎಂದು ಮೊದಲೇ ಹೇಳುವುದು. ನಿವೃತ್ತಳಾಗಿ ಬಂದವಳೇ ಅಂಗಳದ ದಾಳಿಂಬೆ ಮರಕ್ಕೆ ಎರಡು ಥರ್ಮಾಮೀಟರ್ ನೇತುಹಾಕಿದಳು. ಒಂದು ಬರಿದು, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ. ಅದು ಹಳೆಯ ಒಳಂಗಿಯ ತುಂಡು. ಯಾರ ಒಳಂಗಿ ಎಂದು ಕೇಳಿದವರಿಗೆ ಉತ್ತರವೂ ಸಿಗುತ್ತಿರಲಿಲ್ಲ, ಕುರ್ಚಿಯೂ ಸಿಗುತ್ತಿರಲಿಲ್ಲ.

ಆ ಜನವರಿಯ ಮಂಗಳವಾರ ಬೆಳಿಗ್ಗೆ ಟಿವಿಯಲ್ಲಿ ಮಳೆ ಎಂದರು. ಹೊರಗೆ ನಾಲ್ಕು ಡಿಗ್ರಿ. ಆದರೆ ಖಾಲ್ತಿಯ ಒದ್ದೆ ಬಟ್ಟೆಯ ಥರ್ಮಾಮೀಟರ್ ಸೊನ್ನೆಗೆ ಇಳಿದಿತ್ತು. ಆಕೆ ಶಾಲು ಹೊದ್ದು ನೇರ ನಮ್ಮ ಪಕ್ಕದ ಮನೆಗೆ ಬಂದಳು. ಅಲ್ಲಿ ರಾತಿಬ್‌ನ ಹೆಂಡತಿ ವಿಸಾಲ್‌ಗೆ ದಿನ ತುಂಬಿತ್ತು. ಎಲೆಕೋಸಿನ ಎಲೆಯಲ್ಲಿ ಅನ್ನ ಸುತ್ತಲು ನೆರವಾಗಲೆಂದು ನಾನೂ ಹೋಗಿದ್ದೆ. ದಾರಿ ಮುಚ್ಚುವ ಮೊದಲು ಇವತ್ತೇ ಇವಳನ್ನು ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯಿರಿ ಎಂದಳು ಖಾಲ್ತಿ. ರಾತಿಬ್‌ನ ತಾಯಿ ಉಮ್ಮ್ ರಾತಿಬ್ ಸೊಂಟದ ಮೇಲೆ ಕೈಯಿಟ್ಟಳು.

"ಅಲ್ವೇ ತಮಾಮ್, ಟಿವಿಯವ್ನು ಕೋಟು ಹಾಕ್ಕೊಂಡು ಮಳೆ ಅಂತಾನೆ. ನೀನು ಚಿಂದಿ ನೋಡ್ಕೊಂಡು ಹಿಮ ಅಂತೀಯ?"

"ಗಾಳಿ ಒಣಗಿದೆ ಉಮ್ಮ್ ರಾತಿಬ್. ಮೊದ್ಲು ಮಳೇನೇ ಬೀಳತ್ತೆ. ಗಾಳಿ ಆ ನೀರು ಕುಡಿದೂ ಕುಡಿದೂ ತಣ್ಣಗಾಗತ್ತೆ. ಆಮೇಲೆ ಹಿಮ."

"ಈ ಮನೇಲಿ ಏಳು ಹೆತ್ತಿದೀನಿ. ಒಂದಕ್ಕೂ ಬಟ್ಟೆಯ ಅಪ್ಪಣೆ ಕೇಳಿಲ್ಲ."

ರಾತಿಬ್ ಇಬ್ಬರ ಮುಖವನ್ನೂ ನೋಡದೆ ನೆಲ ನೋಡುತ್ತಿದ್ದ. ವಿಸಾಲ್ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟು ನಡು ಹಿಡಿದುಕೊಂಡು ನರಳಿದಳು. ಮನೆಯೆಲ್ಲ ಗಡಬಡ. ರಾತಿಬ್ ಪಿಕಪ್ ತಂದ. ಸೊಸೆಯನ್ನು ಒಬ್ಬಳೇ ಬಿಡಲಾಗದೆ ಉಮ್ಮ್ ರಾತಿಬ್ ಎಲೆಕೋಸಿನ ಪಾತ್ರೆ ಸಮೇತ ಹತ್ತಿದಳು. ಗಾಡಿ ಹೊರಟಾಗ ವಿಸಾಲ್ ಕಿಟಕಿಯಿಂದ ನಮ್ಮತ್ತ ತಿರುಗಿ ಕಣ್ಣು ಮಿಟುಕಿಸಿದಳು. ಅವಳಿಗೆ ನೋವೂ ಇರಲಿಲ್ಲ, ಗೀವೂ ಇರಲಿಲ್ಲ.

ಮಧ್ಯಾಹ್ನ ಮಳೆ ಹಿಡಿಯಿತು. ಉಮ್ಮ್ ರಾತಿಬ್ ಆಸ್ಪತ್ರೆಯಿಂದ ಫೋನ್ ಮಾಡಿ, ನಿನ್ನ ಹಿಮ ಚರಂಡಿಯಲ್ಲಿ ಹರಿಯುತ್ತಿದೆ ಎಂದು ಹಂಗಿಸಿದಳು. ಖಾಲ್ತಿ ಐದು ನಿಮಿಷಕ್ಕೊಮ್ಮೆ ಅಂಗಳಕ್ಕೆ ಹೋಗಿಬರುತ್ತಿದ್ದಳು. ಮೂರು ಗಂಟೆಗೆ ಹನಿಗಳು ಬೆಳ್ಳಗಾದವು. ಕತ್ತಲಾಗುವಷ್ಟರಲ್ಲಿ ದಾರಿ ಮುಚ್ಚಿತ್ತು.

ಊರೆಲ್ಲ ಖಾಲ್ತಿಯನ್ನು ಹೊಗಳಿತು. ಆದರೆ ವಿಸಾಲ್‌ಗೆ ನಿಜವಾದ ನೋವು ಬಂದದ್ದು ಶನಿವಾರ! ಅಲ್ಲಿಯವರೆಗೆ ಉಮ್ಮ್ ರಾತಿಬ್ ಆಸ್ಪತ್ರೆಯ ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಉಪ್ಪಿಲ್ಲದ ಬೇಳೆ ಸಾರು ಕುಡಿಯುತ್ತ ಕೂತಿದ್ದಳು. ಹೆಣ್ಣು ಮಗು. ಕೊರಳಿಗೆ ಹೊಕ್ಕುಳ ಬಳ್ಳಿ ಸುತ್ತಿಕೊಂಡಿತ್ತು. ಮನೆಯಲ್ಲಾಗಿದ್ದರೆ ಕಷ್ಟವಿತ್ತು ಎಂದರಂತೆ ವೈದ್ಯರು.

ದಾರಿ ತೆರೆದ ದಿನ ಉಮ್ಮ್ ರಾತಿಬ್ ಮಗು ಹುಟ್ಟಿದ ಮನೆಯವರು ಹಂಚುವ ಶಾಜೀರಿಗೆ ಪಾಯಸದ ಬಟ್ಟಲು ಹಿಡಿದು ಖಾಲ್ತಿಯ ಮನೆಗೆ ಬಂದಳು. ಮೇಲೆ ಅಕ್ರೋಟು ಗುಡ್ಡೆ ಹಾಕಿದ್ದಳು.

"ನಾಲ್ಕು ದಿನ ಆ ಕುರ್ಚಿ ಮೇಲೆ ನನ್ನ ಸೊಂಟ ಮುರೀತು. ಹಿಮ ಹೇಳಕ್ಕೆ ಬರತ್ತೆ, ಹೆರಿಗೆ ಹೇಳಕ್ಕೆ ಬರಲ್ವಾ ನಿಂಗೆ?" ಎಂದು ಗದರಿದಳು. ಗದರುತ್ತಲೇ ಖಾಲ್ತಿಯ ಕೈ ಹಿಡಿದವಳು ಬಹಳ ಹೊತ್ತು ಬಿಡಲಿಲ್ಲ.

ಮಗು ಯಾರ ಹಾಗಿದೆ ಎಂದು ಕೇಳಿದಳು ಖಾಲ್ತಿ.

"ನನ್ನ ಹಾಗೇ. ಬಾಯಿ ಮುಚ್ಚಲ್ಲ," ಎಂದಳು ಉಮ್ಮ್ ರಾತಿಬ್, ಕಣ್ಣೊರೆಸಿಕೊಳ್ಳುತ್ತ.