ನಾಲ್ಕನೆಯ ದೀಪ

ಆರ್.ಟಿ. ನಗರದ ಕಣ್ಣಿನ ಡಾಕ್ಟರು ನನ್ನ ಮೂಗಿನ ಮೇಲೆ ಬಲಕ್ಕೆ ಕೆಂಪು, ಎಡಕ್ಕೆ ಹಸಿರು ಗಾಜಿನ ಕನ್ನಡಕ ಕೂರಿಸಿ, ಎದುರಿನ ಪೆಟ್ಟಿಗೆಯಲ್ಲಿ ಎಷ್ಟು ದೀಪ ಅಂತ ಕೇಳಿದರು.

“ಮೂರು. ಮೂರೂ ಹಸಿರು.”

“ಇರೋದು ನಾಲ್ಕು, ಮೇಡಂ. ಎರಡು ಹಸಿರು, ಒಂದು ಕೆಂಪು, ಇನ್ನೊಂದು ಬಿಳಿ; ಬಿಳಿದು ಎರಡು ಗಾಜಲ್ಲೂ ಆಯಾ ಬಣ್ಣವಾಗಿ ಕಾಣುತ್ತೆ.”

ಎಡಗಣ್ಣು ಮುಚ್ಚಿಸಿದರು. ಮಸುಕು ಮಸುಕಾಗಿ ಎರಡು ಕೆಂಪು ದೀಪ ಕಂಡವು. ಮುಚ್ಚಿದ ಕೈ ತೆಗೆದದ್ದೇ ತಡ, ಅವು ಮಾಯ.

“ಬಲಗಣ್ಣು ನೋಡ್ತಾ ಇದೆ, ಮಿದುಳು ಒಪ್ತಾ ಇಲ್ಲ. ಎರಡು ಕಣ್ಣು ಎರಡು ಥರ ಹೇಳಿದ್ರೆ ಅದಕ್ಕೆ ಗೊಂದಲ. ಮಸುಕಾಗಿರೋದನ್ನ ಸುಮ್ನಿರಿಸಿಬಿಡುತ್ತೆ. ಆಮೇಲೆ ಯಾವುದು ಹತ್ರ, ಯಾವುದು ದೂರ ಅನ್ನೋ ಅಂದಾಜು ತಪ್ಪುತ್ತೆ. ಚಿಕ್ಕೋರಿದ್ದಾಗ ಒಳ್ಳೆ ಕಣ್ಣಿಗೆ ಪಟ್ಟಿ ಕಟ್ಟಿ ಇದಕ್ಕೆ ಕೆಲಸ ಕೊಟ್ಟಿದ್ರೆ ಸರಿಹೋಗ್ತಿತ್ತೋ ಏನೋ. ಯಾರೂ ಹೇಳ್ಲಿಲ್ವಾ?”

ಹೇಳಿದ್ದರು. ಪಟ್ಟಿಯನ್ನೂ ಕಟ್ಟಿದ್ದರು. ಆರು ವರ್ಷದ ನಾನು ಅಳುತ್ತಿದ್ದೆ. ಅಮ್ಮ ಚಿಕ್ಕಜಾಲದಲ್ಲಿ ಬಸ್ಸು ಹತ್ತಿ ಯಲಹಂಕದ ಗಾರ್ಮೆಂಟ್ಸಿಗೆ ಹೊರಟ ಕೂಡಲೇ ಅಜ್ಜಿ, ಅಂದರೆ ಅಪ್ಪನ ತಾಯಿ, ಕರೆಯುತ್ತಿದ್ದಳು.

“ಬಾ ನನ್ ಕೂಸೇ, ಬಿಚ್ತೀನಿ. ಇಂಗೆ ಕಣ್ ಕಟ್ಟುದ್ರೆ ಮಗ ಎಂಗ್ ಆಡ್ಕತದೆ?”

ಸಂಜೆ ಬಸ್ಸಿನ ಸದ್ದಿಗೆ ಮತ್ತೆ ಕಟ್ಟುತ್ತಿದ್ದಳು. ನನಗೆ ಮಾತು ಕಲಿಸಿದವಳು ಆಕೆ. ಆ ಮನೆಯಲ್ಲಿ ನನ್ನ ಪರವಾಗಿದ್ದವಳು ಅವಳೊಬ್ಬಳೇ ಅಂತ ಇಷ್ಟು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಮ್ಮನಿಗೆ ಎಲ್ಲ ಹೇಳಿದೆ. ಬೆಚ್ಚಿಬೀಳುತ್ತಾಳೆ ಅಂದುಕೊಂಡಿದ್ದೆ. ಅವಳು ಚೀಲದ ಹಿಡಿ ತಿರುಚುತ್ತ ಕೂತಳು.

“ಗೊತ್ತಿತ್ತು ಕಣೇ. ನಾನ್ ಹಾಕೋ ಗಂಟೇ ಬೇರೆ, ಅತ್ತೆ ಗಂಟೇ ಬೇರೆ.”

“ಮತ್ತೆ ಕೇಳ್ಲಿಲ್ವಾ?”

“ಕೇಳಿ ಜಗಳ ಆಗಿದ್ರೆ ನಿನ್ನ ಯಾರ್ ನೋಡ್ಕೋತಿದ್ರು? ನಾನ್ ಕೆಲ್ಸ ಬಿಡ್ಬೇಕಾಗ್ತಿತ್ತು.”

ಗೊತ್ತಿತ್ತಂತೆ! ಗೊತ್ತಿದ್ದೂ, ನಾನು ಲೋಟದಾಚೆ ಕಾಫಿ ಚೆಲ್ಲಿದಾಗಲೆಲ್ಲ ಬೈದಿದ್ದಳು. ಹೆಣ್ಣು ನೋಡಲು ಬಂದವರ ಪಂಚೆ ಮೇಲೆ ಚೆಲ್ಲಿದ ದಿನವಂತೂ “ಬೇಕೂಂತ್ಲೇ ಮಾಡಿದ್ದು ಇವ್ಳು” ಅಂತ ಎಲ್ಲರೆದುರು ತೋಳು ಚಿವುಟಿದ್ದಳು.

ಆಟೋ ಹಿಡಿದೆವು. ಮನೆಗೆ ಬಂದು ಕಾಫಿ ಮಾಡಿ, ಪಾತ್ರೆಯನ್ನು ಬೇಕೆಂದೇ ಎತ್ತರಕ್ಕೆ ಹಿಡಿದು ಬಗ್ಗಿಸಿದೆ. ಅರ್ಧ ಕಾಫಿ ಅಡುಗೆ ಕಟ್ಟೆಯ ಮೇಲೆ ಹರಿಯಿತು. ಬೈಯಲಿ ಅಂತ ಕಾದೆ. ಅಮ್ಮ ಬಟ್ಟೆ ತಂದು ಒರೆಸಿದಳು. ಆಮೇಲೆ ಲೋಟ ಎತ್ತಿ, ಪಾತ್ರೆಯ ಬಾಯಿಗೇ ತಗಲುವಂತೆ ಹಿಡಿದು, “ಈಗ ಹಾಕು” ಅಂದಳು.

ಅವಳ ಕೈ ಹಾಗೇ ಇತ್ತು. ನಾನು ಬಗ್ಗಿಸಲಿಲ್ಲ.